ಸ್ಕೂಲಿನ ವಯಸ್ಸು, ಮನೆಯ ವಯಸ್ಸು

ನಾಲ್ಕು ಗಂಟೆಗೆ ಎದ್ದು ಬೀದಿಯ ಕೈಪಂಪಿನ ಮುಂದೆ ಕೊಡಗಳನ್ನು ಸಾಲಿಗಿಡುವುದು. ಸರದಿ ಬರುವಷ್ಟರಲ್ಲಿ ಮೇಲೆ ಹೋಗಿ ಡಿಕಾಕ್ಷನ್ ಇಳಿಯಲು ಇಟ್ಟು, ಅತ್ತೆಯ ಮಂಚದ ಕೆಳಗಿನ ಬೆಡ್‌ಪ್ಯಾನ್ ತೆಗೆದು ತೊಳೆದಿಡುವುದು. ಮತ್ತೆ ಕೆಳಗಿಳಿದು ನೀರು ಹೊಡೆದು, ಒಂಬತ್ತು ಕೊಡವನ್ನು ಒಂದೊಂದಾಗಿ ಎರಡನೆಯ ಮಹಡಿಗೆ ಹೊರುವುದು. ಅದು ಉಪ್ಪುನೀರು, ಪಾತ್ರೆಗೆ, ಬಟ್ಟೆಗೆ, ಕಕ್ಕಸಿಗೆ. ಕುಡಿಯುವ ನೀರು ಲಾರಿಯಲ್ಲಿ ಬರಬೇಕು, ಅದು ಬಂದಾಗ ಬಂತು. ಹೊಸ್ತಿಲು ಒರೆಸಿ ನಾಲ್ಕೆಳೆ ರಂಗೋಲಿ. ಹಾಲಿನ ಬೂತಿಗೆ ಕಾರ್ಡು ಹಿಡಿದು ಹೋಗಿ ಎರಡು ಪ್ಯಾಕೆಟ್. ಅತ್ತೆಯ ಸೊಂಟಕ್ಕೆ ಎಣ್ಣೆ ಹಚ್ಚಿ ಬಿಸಿನೀರಿನ ಬಟ್ಟೆಯ ಶಾಖ ಕೊಡುವುದು, ಮಗ್ಗುಲು ಬದಲಿಸುವುದು. ಇಡ್ಲಿ ಬೇಯಲು ಇಡುವುದು, ಚಟ್ನಿ ಅರೆಯುವುದು, ಗಂಡನ ಡಬ್ಬಿಗೆ ಅನ್ನ ಕಲಸುವುದು. ಮಗಳ ಯೂನಿಫಾರ್ಮ್ ಒಣಗಿದೆಯೇ ಎಂದು ಕತ್ತಲಲ್ಲೇ ಕೈಯಿಟ್ಟು ನೋಡುವುದು, ಒಣಗದಿದ್ದರೆ ಇಸ್ತ್ರಿಯಲ್ಲೇ ಒಣಗಿಸುವುದು.

ಇಷ್ಟಾದ ಮೇಲೆ ಪಲ್ಲಾವರಂನಲ್ಲಿ ಬೆಳಗಾಗುತ್ತಿತ್ತು. ಬೆಳಗಾದ ಮೇಲಿನ ಕೆಲಸಗಳು ಬೇರೆ.

ಇದು ಎರಡು ಸಾವಿರದ ನಾಲ್ಕನೆಯ ಇಸವಿ, ಮದ್ರಾಸಿನಲ್ಲಿ ನೀರಿಲ್ಲದ ವರ್ಷ. ಗುಣವತಿಗೆ ಆಗ ಮೂವತ್ತೈದು. ಬಲ ಭುಜ ಎಡಕ್ಕಿಂತ ಸ್ವಲ್ಪ ಕೆಳಗಿತ್ತು. ರವಿಕೆ ಹೊಲಿಯುವವನು ಅಳತೆ ತೆಗೆಯುವಾಗ ಹೇಳಿದ ಮೇಲೆಯೇ ಅವಳಿಗೂ ಅದು ಗೊತ್ತಾಗಿದ್ದು.

ಅವಳು ನಂಜನಗೂಡಿನ ಕಡೆಯವಳು. ತಂದೆ ಪ್ರಾಥಮಿಕ ಶಾಲೆಯ ಮೇಷ್ಟರು, ಮನೆಯಲ್ಲಿ ಐದು ಮಕ್ಕಳು, ಇವಳು ಎರಡನೆಯವಳು. ಲೆಕ್ಕದಲ್ಲಿ ಚುರುಕು. ಏಳನೆಯ ಕ್ಲಾಸಿನಲ್ಲಿದ್ದಾಗ ತಂದೆಯ ಶಾಲೆಯ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಇವಳೇ ತಿದ್ದುತ್ತಿದ್ದಳು, ತಂದೆ ಸಹಿ ಹಾಕುತ್ತಿದ್ದರು. ಮನೆಯಲ್ಲೂ ಹಾಗೆಯೇ. ಅಕ್ಕ ಒಂದು ಗಂಟೆ ಮಾಡುವ ಕೆಲಸವನ್ನು ಇವಳು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದಳು, ಆದ್ದರಿಂದ ಅಕ್ಕನ ಕೆಲಸವೂ ಇವಳಿಗೇ ಬರುತ್ತಿತ್ತು. ಪಿಯುಸಿ ಮುಗಿಸಿ ಮೈಸೂರಿನಲ್ಲಿ ಬಿಎಸ್ಸಿಗೆ ಸೇರುವ ಮಾತು ಬಂದಾಗ ಅಮ್ಮ, “ಇವಳೂ ಹೊರಟ್ರೆ ಮನೆ ನಡೆಯೋದು ಹ್ಯಾಗೆ?” ಎಂದಳು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಅರ್ಜಿ ತರಲು ಯಾರೂ ಹೋಗಲಿಲ್ಲ, ಅಷ್ಟೇ.

ತೊಂಬತ್ತೆರಡರಲ್ಲಿ ಮದುವೆಯಾಗಿ ಮದ್ರಾಸಿಗೆ ಬಂದಳು. ಗಂಡ ಸೀತಾರಾಮ ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತ. ಪಾಲಿಸಿ ಮಾಡಿಸಲು ಬಂದವರ ವಯಸ್ಸಿನ ದಾಖಲೆ ಪರೀಕ್ಷಿಸುವುದು ಅವನ ಮೇಜಿನ ಕೆಲಸ. ಐವತ್ತೈದರವರು ನಲವತ್ತೊಂಬತ್ತು ಎಂದು ತಂದ ಕಾಗದಗಳಲ್ಲಿ ಎಲ್ಲಿ ಕೆರೆದಿದ್ದಾರೆ, ಎಲ್ಲಿ ಶಾಯಿ ಬದಲಾಗಿದೆ ಎಂದು ಅವನು ಕಿಟಕಿಗೆ ಹಿಡಿದು ಕಂಡುಹಿಡಿಯುತ್ತಿದ್ದ. ಸಂಜೆ ಕಾಫಿ ಕುಡಿಯುತ್ತ ಅದನ್ನು ವರ್ಣಿಸುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಕುಡಿಯುತ್ತಿರಲಿಲ್ಲ, ಕೂಗಾಡುತ್ತಿರಲಿಲ್ಲ, ಕೊಡ ಮಾತ್ರ ಎತ್ತುತ್ತಿರಲಿಲ್ಲ.

ಐದು ವರ್ಷ ಮಕ್ಕಳಾಗಲಿಲ್ಲ. ಆಮೇಲೆ ತೇಜಸ್ವಿನಿ ಹುಟ್ಟಿದಳು, ತೇಜು. ಮೊದಲ ಹೆರಿಗೆ ತವರಿನಲ್ಲಿ ಎಂಬ ಪದ್ಧತಿಯಂತೆ ನಂಜನಗೂಡಿನಲ್ಲೇ ಹುಟ್ಟಿತು ಮಗು.

ಈ ತೇಜು ಎರಡೂವರೆ ವರ್ಷಕ್ಕೆ ಬಸ್ಸಿನ ನಂಬರು ಓದುತ್ತಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಅಮ್ಮ ಕನ್ನಡದಲ್ಲಿ ಕೇಳಿದರೆ ಮಗಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು, ಕೋಪ ಬಂದರೆ ಇಂಗ್ಲಿಷಿನಲ್ಲಿ. ನಿದ್ದೆ ಕಡಿಮೆ. ಐದು ಗಂಟೆಗೆಲ್ಲ ಕೂದಲು ಕೆದರಿಕೊಂಡು ಪಂಪಿನ ಹತ್ತಿರ ಬಂದು ನಿಲ್ಲುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಆರನೆಯ ಕೊಡ ತುಂಬುವಾಗ, “ಅಮ್ಮಾ, ಅಡುತ್ತದುಕ್ಕು ಐವತ್ತೆರಡು” ಎಂದಳು. ಮುಂದಿನ ಕೊಡಕ್ಕೆ ಐವತ್ತೆರಡು ಸಲ ಹೊಡೆಯಬೇಕು ಎಂದು. ಗುಣವತಿ ಎಣಿಸಿಕೊಂಡೇ ಹೊಡೆದಳು. ಐವತ್ತೆರಡಕ್ಕೆ ತುಂಬಿತು.

ಸಾಲಿನಲ್ಲಿ ಹಿಂದೆ ನಿಂತಿದ್ದ ಅಕ್ಕು ಸೊಂಟದ ಮೇಲೆ ಕೈಯಿಟ್ಟು ನಕ್ಕಳು. ಅಕ್ಕು ಕೆಳಗಿನ ಮನೆಯವಳು, ರೈಲ್ವೆಯವರ ಮಗಳು, ತಿರುವೊಟ್ಟಿಯೂರಿನಲ್ಲೇ ಹುಟ್ಟಿ ಬೆಳೆದ ಕನ್ನಡದವಳು. “ಏನ್ ಗುಣಾ, ನಿನ್ ಪೊಣ್ಣು ಜೋಸ್ಯಾನೂ ಹೇಳತ್ತಾ? ಲಾರಿ ಯಾವತ್ತು ಬರತ್ತೆ ಕೇಳು ಮಾ, ನಾನು ತಲೆಗೆ ಎಣ್ಣೆ ಹಾಕ್ಕೊಂಡ್ ಕೂತಿದೀನಿ ಮೂರು ದಿನದಿಂದ.”

“ಜೋಸ್ಯ ಇಲ್ಲ ಆಂಟಿ,” ಎಂದಳು ತೇಜು, ಬೇಸರದಿಂದ. ನೀರು ಕೆಳಗೆ ಹೋದಂತೆ ಪ್ರತಿ ಕೊಡಕ್ಕೂ ಎರಡು ಹೊಡೆತ ಜಾಸ್ತಿ ಬೇಕಾಗುತ್ತದೆ, ಮೂರು ದಿನದಿಂದ ಎಣಿಸುತ್ತಿದ್ದೇನೆ, ನಿಮಗೆ ಯಾರಿಗೂ ಗೊತ್ತಿಲ್ಲವೇ ಎಂದು ತಮಿಳಿನಲ್ಲಿ ಕೇಳಿದಳು.

ಎರಡು ವರ್ಷದಿಂದ ಆ ಹಿಡಿ ಹೊಡೆಯುತ್ತಿದ್ದ ಗುಣವತಿಗೆ ಗೊತ್ತಿರಲಿಲ್ಲ. ತೋಳಿಗೆ ಮಾತ್ರ ಗೊತ್ತಿತ್ತು.

ಶಾಲೆಯಲ್ಲಿ ಇದೇ ಮಗುವಿನ ಮೇಲೆ ದೂರು. ಮೂರನೆಯ ಕ್ಲಾಸಿನಲ್ಲಿ ಬೋರ್ಡಿನ ಮೇಲಿರುವುದನ್ನು ಪೂರ್ತಿ ಬರೆದುಕೊಳ್ಳುವುದಿಲ್ಲ. ಕೈಬರಹ ಕೆಟ್ಟದು. ಲೆಕ್ಕ ಮುಗಿಸಿ ಎದ್ದು ಓಡಾಡುತ್ತಾಳೆ. ಬೈದರೆ ಅಳುತ್ತಾಳೆ, ಎರಡು ಸಲ ಚಡ್ಡಿ ಒದ್ದೆ ಮಾಡಿಕೊಂಡಿದ್ದಾಳೆ. ಫೆಬ್ರವರಿಯ ಕೊನೆಗೆ ಕ್ಲಾಸ್ ಟೀಚರು ಕರೆಸಿದಾಗ ಇನ್ನೊಂದು ಸೇರಿತ್ತು, ಎದುರು ಮಾತು. ಕಳೆಯುವ ಲೆಕ್ಕ ಹೇಳಿಕೊಡುತ್ತ ಟೀಚರು, ಮೂರರಲ್ಲಿ ಐದು ಹೋಗುವುದಿಲ್ಲ, ಪಕ್ಕದಿಂದ ಸಾಲ ತರಬೇಕು ಎಂದಿದ್ದರಂತೆ. ತೇಜು ಎದ್ದು ನಿಂತು, ಹೋಗುತ್ತೆ ಮಿಸ್, ನೆಲದಡಿಯ ನೀರಿನ ಸಂಪ್‌ಗೆ ಹೋಗುತ್ತೆ ಎಂದಳಂತೆ. ನೆಲ ಅಂದರೆ ಸೊನ್ನೆ, ಮೂರನೆಯ ಮಹಡಿಯಿಂದ ಐದು ಇಳಿದರೆ ನೆಲದ ಕೆಳಗೆ ಎರಡು. ಕ್ಲಾಸಿಡೀ ನಕ್ಕಿತು.

“ನಾನು ಏನ್ ಮಾಡಲಿ ಹೇಳಿ? ನಲವತ್ತೆಂಟು ಮಕ್ಕಳು,” ಎಂದರು ಟೀಚರು ತಮಿಳಿನಲ್ಲಿ. ಅವರ ಕಣ್ಣಿನ ಕೆಳಗೂ ಕಪ್ಪಿತ್ತು, ಅವರೂ ನಾಲ್ಕಕ್ಕೆ ಎದ್ದವರೇ. “ಸುಮ್ಮನಿರಲಿ ಅಂತ ಕೆಲಸ ಕೊಡ್ತೀನಿ. ನೋಟ್‌ಬುಕ್ ಜೋಡಿಸ್ತಾಳೆ, ಡಸ್ಟರ್ ಕೊಡವಿ ತರ್ತಾಳೆ, ಹಿಂದಿನ ಬೆಂಚಿನ ಮಕ್ಕಳಿಗೆ ಲೆಕ್ಕ ಹೇಳಿಕೊಡ್ತಾಳೆ. ಕೆಲಸ ಮಾತ್ರ ಚೆನ್ನಾಗಿ ಮಾಡ್ತಾಳೆ, ಪಾಪ. ಆದರೂ ವಯಸ್ಸಿಗೆ ತಕ್ಕ ಪಕ್ವತೆ ಇಲ್ಲ. ಮೂರನೇ ಕ್ಲಾಸಿನಲ್ಲೇ ಇನ್ನೊಂದು ವರ್ಷ ಕೂತರೆ ಒಳ್ಳೇದು.”

ಗುಣವತಿ ಹೊರಗೆ ಬಂದು ವರಾಂಡದ ಕಂಬ ಹಿಡಿದು ನಿಂತಳು. ಮಗು ಬುದ್ಧಿವಂತೆ ಎಂದು ಈ ಶಾಲೆಗೂ ಗೊತ್ತಿದೆ. ಗೊತ್ತಿದ್ದೇ ಡಸ್ಟರ್ ಕೊಡವಲು ಕಳಿಸುತ್ತಿದ್ದಾರೆ.

ಅಲ್ಲಿಂದ ನೇರ ಹೆಡ್‌ಮಿಸ್ಟ್ರೆಸ್ಸಿನ ಕೋಣೆಗೆ ಹೋದಳು. ಮೊದಲೇ ಯೋಚಿಸಿರಲಿಲ್ಲ. ಮಗಳು ನಾಲ್ಕನೆಯ ಕ್ಲಾಸಿಗೆ ಹೋಗಲಿ, ಆದರೆ ಲೆಕ್ಕದ ಪೀರಿಯಡ್ಡಿಗೆ ಮಾತ್ರ ಆರನೆಯ ಕ್ಲಾಸಿನಲ್ಲಿ ಕೂರಿಸಿ ಎಂದು ಕೇಳಿದಳು. ಹನ್ನೆರಡು ವರ್ಷದಲ್ಲಿ ಕಲಿತ ಅಂಗಡಿಯ ತಮಿಳು ಅದಕ್ಕೆ ಸಾಲದೆ, ಅರ್ಧ ಇಂಗ್ಲಿಷಿನಲ್ಲಿ ಹೇಳಿದಳು.

ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದು ಒರೆಸಿಕೊಂಡರು. “ಅಮ್ಮಾ, ಈ ಕುರ್ಚಿಯಲ್ಲಿ ಕೂತ ಎಲ್ಲ ತಾಯಂದಿರ ಮಕ್ಕಳೂ ಜೀನಿಯಸ್ಸೇ. ನನ್ನ ಮಗನೂ ಜೀನಿಯಸ್ಸೇ, ನಾಲ್ಕು ಸಲ ಸಿಎ ಕಟ್ಟಿದಾನೆ.”

“ನಾನು ಜೀನಿಯಸ್ ಅಂತ ಹೇಳ್ಲಿಲ್ಲ ಮೇಡಂ. ಅವಳಿಗೆ ಅಲ್ಲಿ ಹೊಸದೇನೂ ಸಿಗ್ತಿಲ್ಲ. ಹಸಿದ ಮಗುವಿಗೆ ತಟ್ಟೆ ತೊಳಿ ಅಂತ ಕೊಟ್ಟ ಹಾಗೆ ಆಗ್ತಿದೆ.”

ಹೆಡ್‌ಮಿಸ್ಟ್ರೆಸ್ ಅವಳನ್ನು ಒಮ್ಮೆ ಸರಿಯಾಗಿ ನೋಡಿದರು. ಪೆರುಂಗುಡಿಯಲ್ಲಿ ಮಕ್ಕಳ ಬುದ್ಧಿಶಕ್ತಿ ಪರೀಕ್ಷೆ ಮಾಡುವ ಒಂದು ಚಿಕ್ಕ ಕೇಂದ್ರ ಇದೆ, ಶನಿವಾರ ಮಾತ್ರ ತೆರೆದಿರುತ್ತದೆ, ಅಲ್ಲಿಂದ ರಿಪೋರ್ಟ್ ತನ್ನಿ ಎಂದರು. ವಯಸ್ಸಿಗಿಂತ ಬಹಳ ಮುಂದಿದ್ದಾಳೆ ಎಂದು ಬರೆದುಕೊಟ್ಟರೆ ನೀವು ಕೇಳಿದ ಹಾಗೆ ಮಾಡುತ್ತೇನೆ. ಇಲ್ಲದಿದ್ದರೆ ಮೂರನೆಯ ಕ್ಲಾಸೇ. ಮುಂದಿನ ವರ್ಷದ ಕ್ಲಾಸುಗಳ ಪಟ್ಟಿ ಮಾರ್ಚ್ ಇಪ್ಪತ್ತೆರಡು, ಸೋಮವಾರ ತಯಾರಾಗುತ್ತದೆ.

ಮಾರ್ಚ್ ಹದಿಮೂರರ ಶನಿವಾರ ಅತ್ತೆಯನ್ನು ಅಕ್ಕುವಿಗೆ ಒಪ್ಪಿಸಿ, ಎರಡು ಬಸ್ಸು ಬದಲಿಸಿ ಪೆರುಂಗುಡಿಗೆ ಹೋದರು ತಾಯಿ ಮಗಳು. ಕಂಪ್ಯೂಟರ್ ಕಂಪೆನಿಗಳ ಗಾಜಿನ ಕಟ್ಟಡಗಳ ಹಿಂದೆ ಒಂದು ಹಳೆಯ ಮನೆ, ಅದರ ಮೊದಲ ಮಹಡಿಯಲ್ಲಿ ಕೇಂದ್ರ. ಪರೀಕ್ಷೆ ಮಾಡುವವಳು ಶಾಲಿನಿ ಎಂಬ ಸಣ್ಣ ವಯಸ್ಸಿನ ಹೆಂಗಸು. ತೇಜುವನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡಳು.

ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗುಣವತಿ ಕೂತಳು. ಮೊದಲು ಚೀಲದಲ್ಲಿ ಏನಾದರೂ ಇದೆಯೇ ಎಂದು ಕೈಯಾಡಿಸಿದಳು, ಬಿಡಿಸುವ ಬಟಾಣಿಯಾದರೂ ತರಬಹುದಿತ್ತು. ಏನೂ ಇರಲಿಲ್ಲ. ಮೇಲೆ ಫ್ಯಾನು ತಿರುಗುತ್ತಿತ್ತು. ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಹಾಗೇ ಕೂತಲ್ಲೇ ನಿದ್ದೆ ಹೋದಳು, ಬಾಯಿ ತೆರೆದುಕೊಂಡು.

ಯಾರೋ ಭುಜ ಮುಟ್ಟಿದರು. ಒಂದೂವರೆ ಗಂಟೆ ಕಳೆದಿತ್ತು. ಶಾಲಿನಿ ಕಾಗದ ಹಿಡಿದು ನಿಂತಿದ್ದಳು. ಅವಳದು ನಿಧಾನದ ತಮಿಳು, ನಡುವೆ ಇಂಗ್ಲಿಷ್. “ಸಾರಿ ಮೇಡಂ. ಪಾಪು ವಯಸ್ಸು ಕೇಳಿದೆ. ಸ್ಕೂಲಲ್ಲಿ ಎಂಟು, ಮನೆಯಲ್ಲಿ ಏಳು ಅಂತಾಳೆ. ಯಾವುದು ಬರೀಲಿ?”

ಗುಣವತಿಯ ನಿದ್ದೆ ಪೂರ್ತಿ ಹೋಗಿರಲಿಲ್ಲ. ಬಾಯಿ ಮಾತ್ರ ತಾನಾಗಿ ಹೇಳಿತು. “ಎಂಟು. ರೆಕಾರ್ಡಿನಲ್ಲಿ ಎಂಟೇ ಇರೋದು.”

ತೇಜು ಅಮ್ಮನ ಮುಖ ನೋಡಿದಳು. ಕೂತು ಚಪ್ಪಲಿಯ ಬಕಲ್ ಹಾಕಿಕೊಳ್ಳಲು ಒದ್ದಾಡತೊಡಗಿದಳು.

ಅದು ಐದು ವರ್ಷದ ಅಭ್ಯಾಸ. ತೊಂಬತ್ತೊಂಬತ್ತರ ಏಪ್ರಿಲ್‌ನಲ್ಲಿ ಅತ್ತೆ ಜಯಲಕ್ಷ್ಮಮ್ಮ ಊರಿನ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಗ ಕರೆತಂದು ಆಪರೇಷನ್ ಮಾಡಿಸಿ ಪಲ್ಲಾವರಂನ ಮನೆಯ ನಡುಮನೆಯಲ್ಲಿ ಮಂಚ ಹಾಕಿದ. ಮಂಚದ ಮೇಲೆ ಅತ್ತೆ, ಮಂಚದ ಸುತ್ತ ಓಡುವ ಎರಡು ವರ್ಷದ ತೇಜು, ನಡುವೆ ಗುಣವತಿ. ಒಂದು ದಿನ ಅತ್ತೆಯನ್ನು ಎತ್ತಿ ಕೂರಿಸುತ್ತಿದ್ದಾಗ ಮಗು ಒಲೆಯ ಹತ್ತಿರ ಹೋಗಿ ಹಾಲಿನ ಪಾತ್ರೆ ಎಳೆಯಿತು. ಸುಡಲಿಲ್ಲ, ಪುಣ್ಯ. ಅಂದು ಸಂಜೆ ಸೀತಾರಾಮ ಹೇಳಿದ, “ಸ್ಕೂಲಿಗೆ ಹಾಕಿಬಿಡೋಣ ಕಣೆ. ಹೇಗೂ ಅಷ್ಟೊಂದು ಮಾತಾಡ್ತಾಳೆ. ನಿನಗೇ ಹಗುರ ಆಗುತ್ತೆ.”

ಎಲ್‌ಕೆಜಿಗೆ ಮೂರು ವರ್ಷ ದಾಟಿರಬೇಕು. ಮಗುವಿಗೆ ಎರಡು ವರ್ಷ ನಾಲ್ಕು ತಿಂಗಳು. ಹುಟ್ಟಿದ್ದು ಕರ್ನಾಟಕದಲ್ಲಾದ್ದರಿಂದ ಜನನ ಪತ್ರ ಇನ್ನೂ ಕೈಗೆ ಬಂದಿರಲಿಲ್ಲ. ಇದ್ದದ್ದು ನಂಜನಗೂಡಿನ ಆಸ್ಪತ್ರೆಯ ಲಸಿಕೆ ಕಾರ್ಡು. ಅದರಲ್ಲಿ ನರ್ಸು ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದಳು, ತಾರೀಖನ್ನೂ ಕನ್ನಡದ ಅಂಕಿಗಳಲ್ಲಿ. ಸೀತಾರಾಮ ನೋಟರಿ ಹತ್ತಿರ ಒಂದು ಅಫಿಡವಿಟ್ ಮಾಡಿಸಿ, ಕಾರ್ಡನ್ನೂ ಜೊತೆಗಿಟ್ಟುಕೊಂಡು ಹೋದ. ಶಾಲೆಯ ಗುಮಾಸ್ತ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಒಂದಕ್ಷರವೂ ತಿಳಿಯದೆ, ಅಫಿಡವಿಟ್ಟಿನಲ್ಲಿದ್ದ ತಾರೀಖನ್ನೇ ಬರೆದುಕೊಂಡ. ಒಂಬತ್ತು, ಎರಡು, ತೊಂಬತ್ತಾರು. ನಿಜವಾದದ್ದಕ್ಕೆ ಸರಿಯಾಗಿ ಒಂದು ವರ್ಷ ಹಿಂದೆ.

ಊರವರ ವಯಸ್ಸಿನ ಕಾಗದಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವವನು ಸ್ವಂತ ಮಗಳ ವಯಸ್ಸನ್ನು ಹೀಗೆ ಬರೆಸಿದ. ಗುಣವತಿಗೂ ಗೊತ್ತಿತ್ತು. ಜೂನ್ ತಿಂಗಳ ಆ ಮೊದಲ ದಿನ ಮಗುವನ್ನು ಶಾಲೆಯಲ್ಲಿ ಬಿಟ್ಟು ಮನೆಗೆ ಬಂದು, ಅತ್ತೆಯ ಬೆಡ್‌ಪ್ಯಾನ್ ತೊಳೆದು, ಗೋಡೆಗೊರಗಿ ಹತ್ತು ನಿಮಿಷ ಕೂತಾಗ ಅವಳಿಗೆ ಅನಿಸಿದ್ದು ನೆಮ್ಮದಿಯೇ. ಯಾರು ಕೇಳಿದರೂ ಸ್ಕೂಲಿನ ವಯಸ್ಸು ಹೇಳು ಎಂದು ಮಗುವಿಗೆ ಕಲಿಸಿದ್ದೂ ಅವಳೇ.

ಶಾಲಿನಿ ಕೂಡಲೇ ಬರೆದುಕೊಳ್ಳಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತಳು. “ನೋಡಿ, ಈ ಪರೀಕ್ಷೆಯಲ್ಲಿ ವಯಸ್ಸೇ ಮುಖ್ಯ. ಅದೇ ಉತ್ತರ ಎಂಟು ವರ್ಷದ ಮಗು ಕೊಟ್ಟರೆ ಚೆನ್ನಾಗಿದೆ ಅಂತೀವಿ. ಏಳು ವರ್ಷದ್ದು ಕೊಟ್ಟರೆ ನಾನು ಎದ್ದು ಕೂತ್ಕೋಬೇಕಾಗುತ್ತೆ. ಮುಂದಿನ ಶನಿವಾರ ಬನ್ನಿ, ಆವತ್ತು ರಿಪೋರ್ಟ್ ಬರೀತೀನಿ. ಏನಾದರೂ ಹೇಳೋದಿದ್ದರೆ ಆಗ ಹೇಳಿ.”

ಬಸ್ಸಿನಲ್ಲಿ ತೇಜು ಕಿಟಕಿಯ ಪಕ್ಕ ಕೂತಳು. ಆಮೇಲೆ ಅಪರೂಪಕ್ಕೆ ಕನ್ನಡದಲ್ಲಿ ಕೇಳಿದಳು, “ಅಮ್ಮಾ, ನಾನು ತಪ್ಪು ಹೇಳಿದ್ನಾ?”

“ಇಲ್ಲ.”

“ಹಾಗಾದ್ರೆ ನೀನು ಹೇಳಿದ್ಯಾ?”

ಗುಣವತಿ ಮಗಳ ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು.

ಮರುದಿನ ಭಾನುವಾರ. ಸೀತಾರಾಮ ಪೇಪರ್ ಓದುತ್ತಿದ್ದ. ಗುಣವತಿ ನೆಲದ ಮೇಲೆ ಈಳಿಗೆ ಮಣೆ ಹಾಕಿಕೊಂಡು ಬಾಳೆದಿಂಡು ಹೆಚ್ಚುತ್ತ, ನಾರನ್ನು ಬೆರಳಿಗೆ ಸುತ್ತಿ ತೆಗೆಯುತ್ತ ವಿಷಯ ಹೇಳಿದಳು. ಅವನು ಪೇಪರ್ ಮಡಿಚಿದ.

“ಹುಚ್ಚು ಹಿಡಿದಿದ್ಯಾ ನಿನಗೆ? ಅಫಿಡವಿಟ್ಟಿಗೆ ಸೈನ್ ಹಾಕಿರೋನು ನಾನು. ನಾಳೆ ಸ್ಕೂಲಿನವರು ಒಂದು ಲೆಟರ್ ಬರೆದು ಆಫೀಸಿಗೆ ಹಾಕಿದ್ರೆ? ಏಜ್ ಪ್ರೂಫ್ ನೋಡೋ ಸೀತಾರಾಮನೇ ಮಗಳ ಏಜ್ ತಿದ್ದಿದಾನೆ ಅಂತ ಕ್ಯಾಂಟೀನಲ್ಲಿ ಒಂದು ವರ್ಷ ನಗ್ತಾರೆ. ನಗೋದಿರಲಿ, ಮೆಮೋ ಕೊಡ್ತಾರೆ.”

“ಆರನೇ ಕ್ಲಾಸಿನ ಲೆಕ್ಕ ಮಾಡೋ ಮಗೂನ ಮೂರರಲ್ಲೇ ಕೂರಿಸ್ತಾರಂತಲ್ರೀ.”

“ಕೂರಲಿ ಬಿಡು.” ಅವನು ಮುಂದಕ್ಕೆ ಬಾಗಿದ, ದನಿ ಮೆತ್ತಗಾಯಿತು. ಇದನ್ನು ಮೊದಲೇ ಯೋಚಿಸಿದ್ದ. “ನೀನೇ ಯೋಚನೆ ಮಾಡು. ಒಂದು ವರ್ಷ ಮುಂದೆ ಹಾಕಿದ್ವಿ. ಈಗ ಒಂದು ವರ್ಷ ಹಿಂದೆ ಕೂತರೆ ಅವಳ ವಯಸ್ಸಿನ ಮಕ್ಕಳ ಜೊತೆಗೇ ಆಗ್ತಾಳೆ. ಯಾರಿಗೂ ಏನೂ ಹೇಳ್ಬೇಕಾಗಿಲ್ಲ. ತಾನಾಗೇ ಸರಿಹೋಗುತ್ತೆ.”

ಈಳಿಗೆಯ ಮೇಲೆ ಅವಳ ಕೈ ನಿಂತಿತು. ಮಾತು ಸರಿಯಾಗಿಯೇ ಇತ್ತು. ಅದೇ ಅವಳಿಗೆ ಭಯ ಹುಟ್ಟಿಸಿದ್ದು.

“ಸರಿಹೋಗೋದು ನಿಮ್ಮ ಅಫಿಡವಿಟ್ಟು,” ಎಂದಳು. “ಅವಳಿಗೆ ಇನ್ನೊಂದು ವರ್ಷ ಡಸ್ಟರ್ ಕೊಡವೋದು.”

“ಡಸ್ಟರ್ ಕೊಡವಿದ್ರೆ ಏನೇ ಸವೆದು ಹೋಗ್ತಾಳಾ? ನೀನೂ ಲೆಕ್ಕದಲ್ಲಿ ಫಸ್ಟು ಬರ್ತಿದ್ದವಳೇ ಅಲ್ವಾ? ಈಗ ಏನಾಗಿದೆ, ಚೆನ್ನಾಗಿಲ್ವಾ?”

ಅವನು ನಿಜವಾಗಿಯೂ ಕೇಳಿದ್ದ. ಚುಚ್ಚಲು ಹೇಳಿದ್ದಲ್ಲ. ಅವಳು ಬೆರಳಿಗೆ ಸುತ್ತಿದ್ದ ನಾರನ್ನು ಬಿಚ್ಚಿ ಸಿಪ್ಪೆಯ ತಟ್ಟೆಗೆ ಹಾಕಿದಳು.

ಮಂಚದ ಮೇಲಿಂದ ಜಯಲಕ್ಷ್ಮಮ್ಮ ಎಲ್ಲ ಕೇಳಿಸಿಕೊಂಡಿದ್ದರು. “ಎಲ್ಲಾ ನನ್ನ ಸೊಂಟದಿಂದ ಬಂದಿದ್ದು. ಮುರಿಯೋದು ಮುರೀತು, ನನ್ನನ್ನಾದರೂ ಕರ್ಕೊಂಡು ಹೋಗ್ಬಾರದಿತ್ತಾ?”

“ಅಮ್ಮ, ನೀನು ಸುಮ್ನಿರು.”

“ಸುಮ್ನೇ ಇದೀನಿ ಐದು ವರ್ಷದಿಂದ. ಅಲ್ವೋ ಸೀತಾ, ನನ್ನ ವಯಸ್ಸು ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಾನು ಸತ್ತಾಗ ಎಷ್ಟು ಅಂತ ಬರೆಸ್ತೀಯೋ? ಅದಕ್ಕೂ ಒಂದು ಅಫಿಡವಿಟ್ ಮಾಡಿಸಿಟ್ಕೋ ಈಗಲೇ.”

ಮೂಲೆಯಲ್ಲಿ ಕೂತಿದ್ದ ತೇಜು ಕಿಲಕಿಲ ನಕ್ಕಳು. ಗುಣವತಿಗೂ ನಗು ಬಂತು. ಸೀತಾರಾಮ ಮಾತ್ರ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಸೊಸೆ ಬಂದು ದಿಂಬು ಸರಿಮಾಡುವಾಗ ಮುದುಕಿ ಅವಳ ಮಣಿಕಟ್ಟು ಹಿಡಿದರು. “ಅವನ ಕೆಲಸಕ್ಕೆ ಕುತ್ತು ಬಂದ್ರೆ ನಾಲ್ಕೂ ಜನ ಬೀದೀಲಿ ನಿಲ್ಬೇಕು ಕಣಮ್ಮಾ. ನೋಡಿಕೊಂಡು ಮಾಡು.” ಮಾಡು ಎಂದರೋ, ಬೇಡ ಎಂದರೋ, ಗುಣವತಿ ಕೇಳಲು ಹೋಗಲಿಲ್ಲ.

ಆ ವಾರವಿಡೀ ಮನೆಯಲ್ಲಿ ಆ ಮಾತು ಬರಲಿಲ್ಲ. ಬುಧವಾರ ಲಾರಿ ಬಂತು, ಎಂಟು ಕೊಡ ಸಿಕ್ಕಿತು. ಶುಕ್ರವಾರದ ಸಂತೆಗೆ ಹೋಗಿ ತರಕಾರಿ ತಂದಳು. ತೇಜು ಶಾಲೆಯಿಂದ ಬಂದು, ಈಗ ಟೀಚರು ತನಗೆ ಇನ್ನೊಂದು ಕೆಲಸ ಕೊಟ್ಟಿದ್ದಾರೆ, ಸ್ಟಾಫ್ ರೂಮಿನ ಲೋಟಗಳನ್ನು ತೊಳೆದಿಡುವುದು ಎಂದು ಹೇಳಿದಳು. ಹೆಮ್ಮೆಯಿಂದಲೇ ಹೇಳಿದಳು. ಹದಿನಾಲ್ಕು ಲೋಟ, ನಾಲ್ಕು ನಿಮಿಷ. ಪಂಪಿನ ಹೊಡೆತ ಎಣಿಸುವುದನ್ನು ಆ ವಾರ ಅವಳು ಬಿಟ್ಟಿದ್ದಳು. ಯಾಕೆ ಎಂದು ಅಮ್ಮ ಕೇಳಿದರೆ, “ಬೋರ್” ಎಂದಳು.

ಮಾರ್ಚ್ ಇಪ್ಪತ್ತರ ಶನಿವಾರ ಗುಣವತಿ ಒಬ್ಬಳೇ ಹೊರಟಳು. ರಿಪೋರ್ಟ್ ತರಲು ಹೋಗುತ್ತೇನೆ ಎಂದಳು, ಅಷ್ಟೇ. ಅಂದು ಆಫೀಸಿಗೆ ರಜೆ, ಸೀತಾರಾಮ ಮನೆಯಲ್ಲಿದ್ದ. ಅಮ್ಮನ ಮಾತ್ರೆ ಎಷ್ಟು ಹೊತ್ತಿಗೆ ಎಂದು ಕೇಳಿದ. ಐದು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಅವಳು ಮೂರು ಸಲ ಹೇಳಿ, ಒಂದು ಚೀಟಿಯಲ್ಲೂ ಬರೆದಿಟ್ಟಳು.

ಶಾಲಿನಿ ಎರಡು ಹಾಳೆಗಳನ್ನು ಮುಂದಿಟ್ಟಳು. ಮೊದಲನೆಯದು ಎಂಟು ವರ್ಷಕ್ಕೆ ಹಾಕಿದ ಲೆಕ್ಕ. ಸರಾಸರಿಗಿಂತ ಮೇಲೆ, ಆದರೆ ವಿಶೇಷ ವ್ಯವಸ್ಥೆ ಬೇಕೆಂದು ಹೇಳುವಷ್ಟಲ್ಲ, ನಡವಳಿಕೆಯಲ್ಲಿ ವಯಸ್ಸಿಗೆ ತಕ್ಕ ಬೆಳವಣಿಗೆ ಕಡಿಮೆ. ಎರಡನೆಯ ಹಾಳೆಯಲ್ಲಿ ವಯಸ್ಸಿನ ಜಾಗ ಖಾಲಿ ಇತ್ತು.

“ಇದರಲ್ಲಿ ಏಳು ಅಂತ ಬರೆದರೆ, ಈ ಕೇಂದ್ರಕ್ಕೆ ಇದುವರೆಗೆ ಬಂದ ಮಕ್ಕಳಲ್ಲಿ ಮೂವರಿಗೆ ಮಾತ್ರ ಬಂದಿರೋ ಅಂಕ. ಅಳೋದು, ಬಕಲ್ ಹಾಕೋಕೆ ಬಾರದೇ ಇರೋದು, ಕೈಬರಹ, ಎಲ್ಲಾ ಏಳು ವರ್ಷಕ್ಕೆ ಸರಿಯಾಗೇ ಇದೆ. ನಿಮ್ಮ ಮಗುವಿಗೆ ಏನೂ ಕೊರತೆ ಇಲ್ಲ ಮೇಡಂ. ಆದರೆ ರೆಕಾರ್ಡು ಬಿಟ್ಟು ನನ್ನಷ್ಟಕ್ಕೆ ನಾನು ಬರೆಯೋ ಹಾಗಿಲ್ಲ. ತಂದೆ ಅಥವಾ ತಾಯಿ ಬರೆದುಕೊಡಬೇಕು. ಆ ಪತ್ರ ರಿಪೋರ್ಟಿನ ಜೊತೆ ಸ್ಕೂಲಿಗೆ ಹೋಗುತ್ತೆ.”

“ಹೋದರೆ ಸ್ಕೂಲಿನವರು ಏನು ಮಾಡ್ತಾರೆ?”

“ಅದು ನನಗೆ ಗೊತ್ತಿಲ್ಲ. ಮೊದಲು ಕೋಪ ಮಾಡ್ಕೋತಾರೆ. ಸುಳ್ಳು ಹೇಳಿ ಸೇರಿಸಿದ್ದೀರಿ, ವಯಸ್ಸಿನ ಪ್ರಕಾರ ಮೂರನೇ ಕ್ಲಾಸಲ್ಲೇ ಕೂರಿಸ್ತೀವಿ ಅಂತಲೂ ಅನ್ನಬಹುದು. ಅಥವಾ ರಿಪೋರ್ಟ್ ಓದಿ ನೀವು ಕೇಳಿದ್ದನ್ನ ಕೊಡಬಹುದು. ನಾನು ಹೆಡ್‌ಮಿಸ್ಟ್ರೆಸ್ಸಿಗೆ ಫೋನ್ ಮಾಡಿ ಮಾತಾಡ್ತೀನಿ. ಮಾತು ಕೊಡೋಕೆ ಮಾತ್ರ ಆಗಲ್ಲ.” ಶಾಲಿನಿ ಮೇಜಿನ ಮೇಲಿದ್ದ ಟೆಲಿಫೋನನ್ನು ಅವಳ ಕಡೆ ಸರಿಸಿದಳು. “ಮನೆಗೆ ಒಂದು ಮಾತು ಕೇಳ್ಬೇಕು ಅಂದ್ರೆ ಕೇಳಿ. ನಾನು ಹೊರಗಿರ್ತೀನಿ.”

ಅವಳು ಎದ್ದು ಹೋದಳು. ಹೊರಗಿನ ಕುರ್ಚಿಗಳಲ್ಲಿ ಬೇರೆ ತಾಯಂದಿರು ಕೂತಿದ್ದರು. ಒಬ್ಬಳು ತೂಕಡಿಸುತ್ತಿದ್ದಳು.

ಗುಣವತಿ ಟೆಲಿಫೋನ್ ನೋಡುತ್ತ ಕೂತಳು. ಮನೆಯಲ್ಲಿ ಫೋನಿಲ್ಲ, ಅಕ್ಕುವಿನ ಮನೆಗೆ ಮಾಡಿದರೆ ಕರೆದು ಕೊಡುತ್ತಾಳೆ. ಸೀತಾರಾಮ ಮೆಟ್ಟಿಲಿಳಿದು ಬರುತ್ತಾನೆ, ಕೇಳುತ್ತಾನೆ, ಬೇಡ ಎನ್ನುತ್ತಾನೆ. ಅವನು ಬೇಡ ಎಂದರೆ ತನಗೆ ಒಂದು ರೀತಿಯ ಬಿಡುಗಡೆಯೇ. ಬರೆಯುವುದು ಬೇಡ, ಸೋಮವಾರ ಶಾಲೆಯಲ್ಲಿ ನಿಂತು ಬೈಸಿಕೊಳ್ಳುವುದು ಬೇಡ, ಮೆಮೋ ಬಂದ ದಿನ ಅವನ ಮುಖ ನೋಡುವುದು ಬೇಡ. ನಾಲ್ಕು ಗಂಟೆಗೆ ಎದ್ದರೆ ಸಾಕು, ಮಿಕ್ಕದ್ದು ಎಂದಿನಂತೆ ನಡೆಯುತ್ತದೆ. ಅವಳಿಗೆ ಎಷ್ಟು ಸುಸ್ತಾಗಿತ್ತೆಂದರೆ ಆ ಕ್ಷಣಕ್ಕೆ ಅದು ಬಹಳ ಹಿತವಾಗಿ ಕಂಡಿತು. ತೇಜು ಮೂರರಲ್ಲೇ ಕೂರುತ್ತಾಳೆ. ಯಾರೂ ಬೈಯುವುದಿಲ್ಲ, ಹೊಡೆಯುವುದಿಲ್ಲ. ಲೋಟ ತೊಳೆದು ಚೆನ್ನಾಗಿದ್ದಾಳೆ ಎನಿಸಿಕೊಳ್ಳುತ್ತಾಳೆ.

ಅವಳು ಫೋನನ್ನು ಮೊದಲಿದ್ದ ಜಾಗಕ್ಕೆ ಸರಿಸಿದಳು.

ಮೇಜಿನ ಮೇಲಿದ್ದ ಬಿಳಿ ಹಾಳೆ ತೆಗೆದುಕೊಂಡಳು. ಇಂಗ್ಲಿಷಿನಲ್ಲಿ ಬರೆಯಬೇಕು. ಪಿಯುಸಿ ಪರೀಕ್ಷೆಯ ನಂತರ ಅವಳು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದದ್ದಿರಲಿಲ್ಲ. ಮೊದಲ ಹಾಳೆಯಲ್ಲಿ ‘ನನ್ನ ಗಂಡ’ ಎಂದು ಶುರುಮಾಡಿ ನಿಲ್ಲಿಸಿದಳು. ಅದನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು ಇನ್ನೊಂದು ತೆಗೆದುಕೊಂಡಳು. ನನ್ನ ಮಗಳು ತೇಜಸ್ವಿನಿ ಹುಟ್ಟಿದ್ದು ಒಂಬತ್ತನೆಯ ಫೆಬ್ರವರಿ ತೊಂಬತ್ತೇಳು, ನಂಜನಗೂಡಿನ ಆಸ್ಪತ್ರೆಯಲ್ಲಿ. ಶಾಲೆಯಲ್ಲಿರುವ ತಾರೀಖು ತಪ್ಪು. ಮನೆಯಲ್ಲಿ ಕೆಲಸ ಹೆಚ್ಚಾಗಿ ಮಗುವನ್ನು ನೋಡಿಕೊಳ್ಳಲು ಆಗದೆ ಬೇಗ ಸೇರಿಸಿದೆವು. ತಪ್ಪೆಂದು ನನಗೆ ಅಂದೇ ಗೊತ್ತಿತ್ತು.

ಓದಿ ನೋಡಿದಳು. ಎರಡು ಕಡೆ ಕಾಗುಣಿತದ ಅನುಮಾನ ಇತ್ತು, ಬಿಟ್ಟಳು.

ಶಾಲಿನಿ ಒಳಗೆ ಬಂದಾಗ ಗುಣವತಿ ಕೇಳಿದಳು, “ಒಬ್ಬರ ಸೈನ್ ಸಾಕಾ?”

“ಸಾಕು. ಮನೆಯವರಿಗೆ ಗೊತ್ತಾ?”

“ಇಲ್ಲ. ಈಗ ಹೋಗಿ ಹೇಳ್ತೀನಿ.” ಸಹಿ ಹಾಕಿದಳು. ಹೆಸರಿನ ಕೆಳಗೆ ತಾಯಿ ಎಂದು ಬರೆದಳು. “ಇದರದ್ದೂ ರಿಪೋರ್ಟಿನದ್ದೂ ಎರಡೆರಡು ಕಾಪಿ ಕೊಡಿ. ಸೋಮವಾರ ಸ್ಕೂಲಿಗೆ ನಾನೇ ತಗೊಂಡು ಹೋಗ್ತೀನಿ.”